ನಮ್ಮ ಅಕ್ಷರಕ್ಕೆ ಓಟು ಹಾಕುವವರು ಯಾರು?

ಹನೂರು ತಾಲ್ಲೂಕಿನ ಮಾರ್ಟಳ್ಳಿಯಲ್ಲಿ ಮಳೆಗೆ ಎರಡು ಹೆಸರು. ಶಾಲೆಯಲ್ಲಿ ಮಳೆ, ಎಷ್ಟೋ ಮನೆಗಳಲ್ಲಿ ಮೞೈ. ಬಾಳೆಗೆ ವಾೞೈ, ಏಳಕ್ಕೆ ಏೞು, ಹುಳಕ್ಕೆ ಪುೞು. ಇಲ್ಲಿ ಮನೆಮಾತು ತಮಿಳು, ಪಾಠ ಕನ್ನಡ ಆಗಿರುವ ಮಕ್ಕಳು ಬಹಳ. ಮೇಲಿನ ಮಾತುಗಳ ನಡುವೆ ಇರುವ ೞ ಅಕ್ಷರ ನಿಮ್ಮ ಫೋನಿನಲ್ಲಿ ಬರೀ ಚೌಕವಾಗಿ ಕಂಡರೆ ಫೋನಿನ ಫಾಂಟ್ ಹಳೆಯದು ಎಂದು ಅರ್ಥ. ಅಕ್ಷರವೇನೋ ಇದೆ. ಈ ಬರಹ ಆ ಅಕ್ಷರದ್ದು. ಅದಕ್ಕಿಂತ ಹೆಚ್ಚಾಗಿ, ಅದನ್ನು ಫೋನಿನೊಳಗೆ ಎಲ್ಲಿ ಕೂರಿಸಬೇಕು ಎಂದು ತೀರ್ಮಾನ ಮಾಡಿದ ಸಭೆಯದ್ದು. ಆ ಸಭೆಯಲ್ಲಿ ಯಾರಿಗೆ ಓಟು ಇತ್ತು, ಯಾರಿಗೆ ಇರಲಿಲ್ಲ ಎಂಬುದು ನಾವು ಕೇಳಿಕೊಂಡ ಪ್ರಶ್ನೆ.

ಮೊದಲು ಅಕ್ಷರದ ವಿಚಾರ. ೞ ತಮಿಳಿನ ಸ್ವತ್ತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹಳಗನ್ನಡದಲ್ಲೂ ಏಳು ಎನ್ನುವುದು ಏೞು ಆಗಿತ್ತು, ಬಾಳು ಎನ್ನುವುದು ಬಾೞ್ ಆಗಿತ್ತು. ಹಳೆಯ ಶಾಸನಗಳಲ್ಲಿ ಈ ಅಕ್ಷರ ಧಾರಾಳವಾಗಿ ಸಿಗುತ್ತದೆ. ವ್ಯಾಕರಣ ಬರೆದವರು ಇದನ್ನು ರಳ ಎಂದು ಕರೆದರು, ನಾವು ಈಗ ಬರೆಯುವ ಳ ಅವರಿಗೆ ಕುಳ. 13ನೇ ಶತಮಾನದಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ ಬರೆಯುವ ಹೊತ್ತಿಗೆ ಯಾವ ಪದಕ್ಕೆ ರಳ, ಯಾವುದಕ್ಕೆ ಕುಳ ಎಂದು ಪಟ್ಟಿ ಕೊಡಬೇಕಾಗಿ ಬಂದಿತ್ತು. ಪಟ್ಟಿ ಬೇಕಾಯಿತು ಎಂದರೆ ಬಾಯಿಂದ ಆ ಉಲಿ ಆಗಲೇ ಜಾರುತ್ತಿತ್ತು ಎಂದು ತಿಳಿಯಬಹುದು. ಕೊನೆಗೆ ಕನ್ನಡದಲ್ಲಿ ಅದು ಳದೊಳಗೆ ಬೆರೆತುಹೋಯಿತು. ತಮಿಳುನಾಡಿನಲ್ಲೂ ಹಲವು ಕಡೆ ಮಾತಿನಲ್ಲಿ ಅದು ಳ ಆಗಿದೆ, ಬರವಣಿಗೆಯಲ್ಲಿ ಮಾತ್ರ ಬಿಟ್ಟುಕೊಟ್ಟಿಲ್ಲ.

ಈಗ ಕಂಪ್ಯೂಟರಿನ ಕತೆ. ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಅಂಕಿ ಗೊತ್ತು. ಕ ಎಂದರೆ ಯಾವ ಅಂಕಿ ಎಂಬುದನ್ನು ಎಲ್ಲರೂ ಒಪ್ಪಿಕೊಂಡಿರಬೇಕು. ಒಪ್ಪಂದ ಇಲ್ಲದಿದ್ದರೆ ಏನಾಗುತ್ತದೆ ಎಂದು ಹಳೆಯ ಡಿ.ಟಿ.ಪಿ. ಅಂಗಡಿಯವರನ್ನು ಕೇಳಿ. ಒಂದು ತಂತ್ರಾಂಶದಲ್ಲಿ ಬರೆದ ಅರ್ಜಿ ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಪ್ರಶ್ನೆ ಚಿಹ್ನೆಗಳ ಚಿತ್ರಾನ್ನವಾಗುತ್ತಿತ್ತು. ನುಡಿ, ಬರಹ, ಶ್ರೀಲಿಪಿ ಹೀಗೆ ಒಂದೊಂದು ಮನೆಗೆ ಒಂದೊಂದು ಲೆಕ್ಕ.

ಪ್ರಪಂಚದ ಎಲ್ಲ ಲಿಪಿಗೂ ಒಂದೇ ಲೆಕ್ಕ ಇರಲಿ ಎಂಬ ಯೋಚನೆಯನ್ನು 1988ರಲ್ಲಿ ಜೆರಾಕ್ಸ್ ಕಂಪನಿಯ ಜೋ ಬೆಕರ್ ಬರೆದಿಟ್ಟರು. ಅದಕ್ಕೆ ಯೂನಿಕೋಡ್ ಎಂದು ಹೆಸರು. 1991ರ ಜನವರಿಯಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಯೂನಿಕೋಡ್ ಕನ್ಸಾರ್ಟಿಯಂ ಎಂಬ ಸಂಸ್ಥೆ ನೋಂದಣಿಯಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಮೊದಲ ಆವೃತ್ತಿ ಹೊರಬಂತು. ಅದರಲ್ಲಿ ಕನ್ನಡವೂ ಇತ್ತು.

ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು ಎಂದು ಕೇಳಿದಾಗ ಖುಷಿಯಾಗುತ್ತದೆ. ಆದರೆ ಕನ್ನಡದವರು ಹೋಗಿ ಕುಳಿತು ಬರೆಸಿದ್ದಲ್ಲ ಅದು. ಭಾರತದ ಲಿಪಿಗಳಿಗೆ ದೆಹಲಿಯವರು 1988ರಲ್ಲಿ ‘ಇಸ್ಕಿ’ ಎಂಬ ಕೋಷ್ಟಕ ಮಾಡಿದ್ದರು. ಕಂಪನಿಗಳವರು ಅದನ್ನು ಎತ್ತಿಕೊಂಡರು. 1991ರಲ್ಲಿ ಇಸ್ಕಿಯನ್ನು ತಿದ್ದಿ ಐ.ಎಸ್. 13194 ಎಂದು ಮತ್ತೆ ಹೊರಡಿಸಿದರೂ ಯೂನಿಕೋಡ್ ಹಿಡಿದುಕೊಂಡದ್ದು ಹಳೆಯ 1988ರದ್ದನ್ನೇ.

ಇಸ್ಕಿಯ ಜಾಣತನ ಏನೆಂದರೆ ಎಲ್ಲ ಭಾರತೀಯ ಲಿಪಿಗೂ ಒಂದೇ ಅಚ್ಚು. ಅದನ್ನೇ ಅನುಸರಿಸಿ ಯೂನಿಕೋಡ್ ದೇವನಾಗರಿಗೆ 128 ಸೀಟು, ತಮಿಳಿಗೆ 128, ಕನ್ನಡಕ್ಕೆ 128 ಕೊಟ್ಟಿತು. ಒಂದೇ ಮಾದರಿಯ ಬಸ್ಸುಗಳು ಎಂದುಕೊಳ್ಳಿ. ಹಿಂದಿ ಬಸ್ಸಿನ ಎಷ್ಟನೇ ಸೀಟಿನಲ್ಲಿ ಕ ಕೂತಿದೆಯೋ ಕನ್ನಡ ಬಸ್ಸಿನಲ್ಲೂ ಅದೇ ಸೀಟಿನಲ್ಲಿ ಕ. ತಮ್ಮಲ್ಲಿ ಇಲ್ಲದ ಅಕ್ಷರದ ಸೀಟು ಖಾಲಿ.

ಹಾಗಾದರೆ ೞ ಎಲ್ಲಿ ಕೂರಬೇಕು? ಅಚ್ಚಿನ ಪ್ರಕಾರ ಳ ಆದ ಮೇಲೆ, ವ ಬರುವ ಮೊದಲು. ತಮಿಳು, ಮಲಯಾಳಂ ಎರಡರಲ್ಲೂ ಅದು ಅಲ್ಲೇ ಕೂತಿದೆ. ಕನ್ನಡದಲ್ಲಿ ಆ ಸೀಟು ಖಾಲಿ ಇದೆ. ನಮ್ಮ ೞ ಬಹಳ ಹಿಂದೆ ಹೋಗಿ ಕೂತಿದೆ, ಹಿಂದಿ ಬಸ್ಸಿನಲ್ಲಿ ಚುಕ್ಕೆ ಇಟ್ಟ ಫ಼, ಅಂದರೆ ಫೋನು, ಫ್ಯಾನು ಎನ್ನುವಾಗ ಬರುವ ಫ಼, ಕೂರುವ ಸೀಟಿನಲ್ಲಿ. ಸೀಟು ತಪ್ಪಿದ್ದಷ್ಟೇ ಅಲ್ಲ, ಹೆಸರೂ ತಪ್ಪಿತು. ತಮಿಳಿನ ಅಕ್ಷರಕ್ಕೆ ‘ತಮಿಳ್ ಲೆಟರ್ ಎಲ್‌ಎಲ್‌ಎಲ್‌ಎ’ ಎಂದು ಸರಿಯಾದ ಹೆಸರು ಬಿತ್ತು, ನಮ್ಮದಕ್ಕೆ ‘ಕನ್ನಡ ಲೆಟರ್ ಎಫ್‌ಎ’ ಎಂದು ಬರೆದರು. ಶಾಸನಗಳ ಕಾಲದ ಅಕ್ಷರಕ್ಕೆ ಫೋನಿನ ‘ಫ಼’ದ ಹೆಸರು! ಹಳಗನ್ನಡ ಬಲ್ಲ ಮೇಷ್ಟ್ರು ಒಬ್ಬರು ಆ ಪಟ್ಟಿಯನ್ನು ಒಮ್ಮೆ ಕಣ್ಣಾಡಿಸಿದ್ದರೂ ಸಾಕಿತ್ತು ಎಂದು ನಮಗೆ ಅನ್ನಿಸುತ್ತದೆ.

ಸರಿ, ತಪ್ಪಾಗಿದೆ, ಸಭೆ ಸೇರಿಸಿ ಓಟು ಹಾಕಿ ತಿದ್ದಬಹುದಲ್ಲ? ಇಲ್ಲಿಂದ ನಿಯಮದ ಮಾತು.

ನಮ್ಮೂರ ಕಡೆಯ ಹಾಲಿನ ಸೊಸೈಟಿಯಲ್ಲಿ ಒಂದು ಹಸು ಇಟ್ಟವರಿಗೂ ಒಂದೇ ಓಟು, ಹತ್ತು ಹಸು ಇಟ್ಟವರಿಗೂ ಒಂದೇ ಓಟು. ಸಹಕಾರ ಸಂಘದ ಮೂಲ ನಿಯಮವೇ ಅದು. ಯೂನಿಕೋಡ್ ಹಾಗಲ್ಲ. ಅಲ್ಲಿ ಓಟು ನಿಂತಿರುವುದು ಕಟ್ಟುವ ಚಂದಾದ ಮೇಲೆ. ಪೂರ್ಣ ಸದಸ್ಯರಿಗೆ ತಾಂತ್ರಿಕ ಸಮಿತಿಯಲ್ಲಿ ಒಂದು ಪೂರ್ತಿ ಓಟು. 2015ರ ಸುಮಾರಿನಲ್ಲಿ ಅದಕ್ಕೆ ವರ್ಷಕ್ಕೆ 18,000 ಡಾಲರ್, ಅಂದಿನ ಲೆಕ್ಕದಲ್ಲಿ 11 ಲಕ್ಷ ರೂಪಾಯಿಗೂ ಮೇಲೆ. ಅದಕ್ಕಿಂತ ಕಡಿಮೆ ಕಟ್ಟುವ ಬೆಂಬಲ ಸದಸ್ಯರಿಗೆ ಅರ್ಧ ಓಟು. ಹೌದು, ಅರ್ಧ. ನಮ್ಮ ಪಂಚಾಯ್ತಿ ಚುನಾವಣೆಯಲ್ಲಿ ಕೇಳದ ಮಾತು. ಇನ್ನು ನಿಮ್ಮಂಥ, ನಮ್ಮಂಥ ಒಬ್ಬಂಟಿಗರು 75 ಡಾಲರ್ ಕಟ್ಟಿ ಸದಸ್ಯರಾಗಬಹುದಿತ್ತು, ಕಾಗದ ಓದಬಹುದಿತ್ತು, ಓಟು ಮಾತ್ರ ಇಲ್ಲ.

ಹಾಗಾಗಿ ಆ ಕಾಲದಲ್ಲಿ ಪೂರ್ತಿ ಓಟು ಇದ್ದವರು ಆಪಲ್, ಗೂಗಲ್, ಮೈಕ್ರೋಸಾಫ್ಟ್, ಅಡೋಬಿ, ಐಬಿಎಂ, ಒರಾಕಲ್‌ನಂಥ ಕಂಪನಿಗಳು. ಅವುಗಳ ಪಕ್ಕದಲ್ಲಿ ಒಮಾನ್ ದೇಶದ ಧಾರ್ಮಿಕ ವ್ಯವಹಾರಗಳ ಸಚಿವಾಲಯವೂ ಪೂರ್ಣ ಸದಸ್ಯನಾಗಿ ಕೂತಿತ್ತು. ನೀವು ವಾಟ್ಸ್‌ಆಪ್‌ನಲ್ಲಿ ಕಳಿಸುವ ನಗುಮುಖದ ಎಮೋಜಿಗಳಿಗೆ ಒಪ್ಪಿಗೆ ಕೊಡುವುದೂ ಇದೇ ಸಮಿತಿ.

ಇದನ್ನು ಬರೀ ಕಂಪನಿಗಳ ಕಿತಾಪತಿ ಎಂದು ತಳ್ಳಿಹಾಕುವುದು ಸುಲಭ. ಆದರೆ ಎರಡು ವಿಷಯ ಹೇಳಲೇಬೇಕು. ಒಂದು, ಅಲ್ಲಿ ಕೈ ಎತ್ತಿಸಿ ಎಣಿಸುವುದು ಅಪರೂಪ, ಸಾಮಾನ್ಯವಾಗಿ ಮಾತಾಡಿ ಎಲ್ಲರೂ ಒಪ್ಪಿದ ಮೇಲೆ ಮುಂದಕ್ಕೆ ಹೋಗುತ್ತಾರೆ. ಎರಡು, ಹೊಸ ಅಕ್ಷರ ಬೇಕೆಂದು ಅರ್ಜಿ ಹಾಕಲು ಸದಸ್ಯರಾಗಬೇಕಿಲ್ಲ, ಕಾಸೂ ಕಟ್ಟಬೇಕಿಲ್ಲ. ಅರ್ಜಿ ಯಾರದ್ದಾದರೂ ಆಗಬಹುದು, ತೀರ್ಪು ಮಾತ್ರ ಚಂದಾ ಕಟ್ಟಿದವರದ್ದು.

ಇನ್ನೊಂದು ಬಾಗಿಲೂ ಇದೆ. ದೇಶಗಳ ಅಂತರರಾಷ್ಟ್ರೀಯ ಸಂಸ್ಥೆ ಐ.ಎಸ್.ಒ. ಇದೇ ಕೆಲಸಕ್ಕೆ 10646 ಎಂಬ ಮಾನಕ ತಯಾರಿಸುತ್ತಿತ್ತು. ಅಲ್ಲಿ ಲೆಕ್ಕ ಬೇರೆ: ಒಂದು ದೇಶಕ್ಕೆ ಒಂದು ಓಟು. ಭಾರತದ ಓಟು ನಮ್ಮ ಬಿ.ಐ.ಎಸ್. ಕೈಯಲ್ಲಿ, ಅದೇ, ಐ.ಎಸ್.ಐ. ಮುದ್ರೆ ಕೊಡುವ ಸಂಸ್ಥೆ. ಸದಸ್ಯರಲ್ಲಿ ಎರಡು ಜಾತಿ. ‘ಪಿ’ ಎಂದರೆ ಭಾಗವಹಿಸುವವರು, ‘ಒ’ ಎಂದರೆ ನೋಡಿಕೊಂಡು ಕೂರುವವರು. ಪಿ ಸದಸ್ಯರು ಓಟು ಹಾಕುವುದು ಕರ್ತವ್ಯ, ಪದೇ ಪದೇ ತಪ್ಪಿಸಿಕೊಂಡರೆ ಒ ಸಾಲಿಗೆ ಇಳಿಸುತ್ತಾರೆ. ಮಾನಕದ ಕರಡು ಪಾಸಾಗಲು ಓಟು ಹಾಕಿದ ಪಿ ಸದಸ್ಯರಲ್ಲಿ ಮೂರರಲ್ಲಿ ಎರಡು ಪಾಲು ಒಪ್ಪಬೇಕು, ಒಟ್ಟು ಬಿದ್ದ ಓಟಿನಲ್ಲಿ ಬೇಡ ಎಂದವರು ಕಾಲುಭಾಗ ಮೀರಬಾರದು. ಈ ಕಾಲುಭಾಗದ ನಿಯಮ ನಮಗೆ ಇಷ್ಟವಾಯಿತು. ಬಹುಮತ ಇದ್ದರೂ ಒಂದು ಗಟ್ಟಿ ಗುಂಪು ಬೇಡ ಎಂದರೆ ನಿಲ್ಲಿಸುವ ದಾರಿ ಅದು.

ನಿಲ್ಲಿಸಿಯೂ ಬಿಟ್ಟರು. 1991ರಲ್ಲಿ ಐ.ಎಸ್.ಒ. ಮುಂದಿಟ್ಟ ಮೊದಲ ಕರಡು ಓಟಿನಲ್ಲಿ ಬಿದ್ದುಹೋಯಿತು. ಆಮೇಲೆ ಕಂಪನಿಗಳ ಯೂನಿಕೋಡ್, ದೇಶಗಳ 10646 ಎರಡೂ ರಾಜಿಯಾಗಿ ಒಂದೇ ಪಟ್ಟಿ ಇಟ್ಟುಕೊಂಡವು. 1993ರಲ್ಲಿ ಐ.ಎಸ್.ಒ. ಮಾನಕ ಪ್ರಕಟವಾಯಿತು. ಅಲ್ಲಿಂದೀಚೆಗೆ ಹೊಸ ಅಕ್ಷರ ಎರಡೂ ಬಾಗಿಲು ದಾಟಬೇಕು.

ಭಾರತ ಸರ್ಕಾರ ಮುಂದೆ ಯೂನಿಕೋಡ್‌ನಲ್ಲೂ ಸದಸ್ಯನಾಯಿತು. ತಮಿಳುನಾಡು ಸರ್ಕಾರ, ಆಂಧ್ರ ಸರ್ಕಾರ ಕೂಡ ಚಂದಾ ಕಟ್ಟಿ ಹೋದವು. ತಮಿಳಿನವರು ಈ ವಿಷಯದಲ್ಲಿ ಎಷ್ಟು ಎಚ್ಚರ ಎಂಬುದಕ್ಕೆ 2010ರ ಗ್ರಂಥ ಲಿಪಿ ಜಗಳ ಸಾಕ್ಷಿ. ಸಂಸ್ಕೃತ ಬರೆಯಲು ತಮಿಳು ನಾಡಿನಲ್ಲಿ ಬಳಸುತ್ತಿದ್ದ ಗ್ರಂಥ ಲಿಪಿಯನ್ನು ಯೂನಿಕೋಡ್‌ಗೆ ಸೇರಿಸುವ ಪ್ರಸ್ತಾಪ ಬಂತು. ಅದರ ಪಟ್ಟಿಯೊಳಗೆ ೞ ಸೇರಿ ಕೆಲವು ತಮಿಳು ಅಕ್ಷರಗಳೂ ಇದ್ದವು. ನಮ್ಮ ಅಕ್ಷರ ಅಲ್ಲಿಗೆ ಯಾಕೆ ಎಂದು ಗಲಾಟೆ ಎದ್ದಿತು. ಮುಖ್ಯಮಂತ್ರಿ ಕರುಣಾನಿಧಿ ಕೇಂದ್ರಕ್ಕೆ ಪತ್ರ ಬರೆದರು, ಕೇಂದ್ರ ಸರ್ಕಾರ ತೀರ್ಮಾನ ಮುಂದೂಡಿ ಎಂದು ಕೇಳಿತು. ಗ್ರಂಥ ಕೊನೆಗೆ 2014ರಲ್ಲಿ ಒಳಗೆ ಬಂದಾಗ ಅದರಲ್ಲಿ ೞ ಇರಲಿಲ್ಲ. ಒಂದು ಅಕ್ಷರಕ್ಕಾಗಿ ಒಬ್ಬ ಮುಖ್ಯಮಂತ್ರಿ ಪತ್ರ ಬರೆಯುವುದು ಅತಿಯೆನಿಸಬಹುದು. ನಮಗೆ ಮಾತ್ರ ಸ್ವಲ್ಪ ಹೊಟ್ಟೆಕಿಚ್ಚು ಆಯಿತು.

ಮಾರ್ಟಳ್ಳಿಯವರಿಗೆ ಇಂಥ ದೂರದ ತೀರ್ಮಾನ ಹೊಸದಲ್ಲ. ಕೊಳ್ಳೇಗಾಲ ತಾಲ್ಲೂಕು 1956ರ ಅಕ್ಟೋಬರ್ 31ರವರೆಗೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಮರುದಿನ ಮೈಸೂರು ರಾಜ್ಯ. ಗಡಿ ಎಳೆದ ಕಾಯ್ದೆ ಪಾಸಾಗಿದ್ದು ದೆಹಲಿಯ ಸಂಸತ್ತಿನಲ್ಲಿ. ಆದರೂ ಸಂಸತ್ತಿಗೆ ನಮ್ಮ ಓಟಿನಿಂದ ಹೋದವರು ಇದ್ದರು ಎಂದಾದರೂ ಹೇಳಬಹುದು. ೞ ವಿಷಯದಲ್ಲಿ ಅದೂ ಇಲ್ಲ.

ಇನ್ನು ತಿದ್ದುವ ಪ್ರಶ್ನೆ. ಪಹಣಿಯಲ್ಲಿ ಹೆಸರು ತಪ್ಪಾದರೆ ನಾಡಕಚೇರಿ, ತಾಲ್ಲೂಕು ಕಚೇರಿ ಅಲೆದಾಡಿಯಾದರೂ ತಿದ್ದಿಸಬಹುದು. ೞದ ಹೆಸರು ತಿದ್ದಲು ಆಗುವುದಿಲ್ಲ. ಒಮ್ಮೆ ಸೀಟು ಕೊಟ್ಟ ಅಕ್ಷರವನ್ನು ಎಬ್ಬಿಸಬಾರದು, ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದು ಎಂಬ ನಿಯಮ 1996ರ ಎರಡನೇ ಆವೃತ್ತಿಯಿಂದ ಜಾರಿಯಲ್ಲಿದೆ. ಎಲ್ಲ ಸದಸ್ಯರೂ ಒಟ್ಟಾಗಿ ಕೈ ಎತ್ತಿದರೂ ಬದಲಿಸುವುದಿಲ್ಲ ಎಂದು ತಮಗೆ ತಾವೇ ಹಾಕಿಕೊಂಡ ಕಟ್ಟು ಅದು. ಕಾರಣ ಇಲ್ಲದಿಲ್ಲ. ಇವತ್ತು ಸೀಟು ಬದಲಿಸಿದರೆ ನಿನ್ನೆ ಬರೆದಿಟ್ಟ ಎಲ್ಲ ಕಡತಗಳೂ ಕೆಡುತ್ತವೆ, ಮತ್ತೆ ಡಿ.ಟಿ.ಪಿ. ಅಂಗಡಿಯ ಚಿತ್ರಾನ್ನ. ಸೀಟಿನ ವಿಷಯದಲ್ಲಿ ನಾವು ಒಪ್ಪುತ್ತೇವೆ. ಹೆಸರಿನ ವಿಷಯದಲ್ಲಿ ಇಷ್ಟು ಹಠ ಬೇಕಿತ್ತೇ ಎಂಬ ಅನುಮಾನ ಹೋಗಿಲ್ಲ.

ಅವರು ಮಾಡಿದ್ದು ಇಷ್ಟು. ಅಕ್ಷರದ ಕೆಳಗೆ ‘ಈ ಹೆಸರು ತಪ್ಪು, ಎಲ್‌ಎಲ್‌ಎಲ್‌ಎ ಎಂದಿರಬೇಕಿತ್ತು’ ಎಂದು ಷರಾ ಬರೆದರು. ಆಮೇಲೆ ತಿದ್ದುಪಡಿ ಹೆಸರುಗಳ ಪಟ್ಟಿಯೊಂದನ್ನು ಮಾಡಿ ಅದರಲ್ಲಿ ಸರಿಯಾದ ಹೆಸರನ್ನು ಸೇರಿಸಿದರು. ಮೂಲ ದಾಖಲೆಯಲ್ಲಿ ಇವತ್ತಿಗೂ ಅದು ಎಫ್‌ಎ.

ಇದರಿಂದ ಯಾರಿಗೆ ನಷ್ಟ ಎಂದು ಕೇಳಬಹುದು. ಸಂತೆಗೆ ಹೋಗುವವರಿಗೆ ಏನೂ ಇಲ್ಲ. ಆದರೆ ಹಳಗನ್ನಡದ ಪುಸ್ತಕ, ಶಾಸನ ಫೋನಿಗೆ ಬರಬೇಕಾದರೆ ಈ ಅಕ್ಷರವೇ ಬೇಕು. ಸೀಟಿನ ಅಂಕಿ ನೋಡಿ ಅಕಾರಾದಿ ಜೋಡಿಸಿದರೆ ೞ ಇರುವ ಪದ ಳದ ಪಕ್ಕ ಬರದೆ ಎಲ್ಲೋ ಕೊನೆಗೆ ಹೋಗುತ್ತದೆ, ಅದನ್ನು ತಪ್ಪಿಸಲು ಬೇರೆ ನಿಯಮ ಬರೆಯಬೇಕು. ಮನೆಯ ತಮಿಳನ್ನು ಕನ್ನಡ ಅಕ್ಷರದಲ್ಲಿ ಮೆಸೇಜ್ ಮಾಡುವ ಮಾರ್ಟಳ್ಳಿಯ ಹುಡುಗರಿಗೂ ೞ ಬೇಕಾಗುತ್ತದೆ. ಸ್ವಂತ ಲಿಪಿ ಇಲ್ಲದ ಸೋಲಿಗರ ನುಡಿ ಇರುವುದೂ ಇದೇ ಬೆಟ್ಟಗಳಲ್ಲಿ. ಅದನ್ನು ಕನ್ನಡದಲ್ಲಿ ಬರೆಯುವಾಗ ನಮ್ಮಲ್ಲಿ ಇಲ್ಲದ ಒಂದು ಗುರುತು ಬೇಕಾಯಿತು ಎನ್ನಿ, ಅದಕ್ಕೂ ಇದೇ ಎರಡು ಬಾಗಿಲು.

ಬಾಗಿಲು ತೆರೆಯುವುದೇ ಇಲ್ಲ ಎಂದಲ್ಲ. ಅರ್ಜಿಗೆ ಬೇಕಾದ್ದು ಪುರಾವೆ: ಅಕ್ಷರ ಇರುವ ಅಚ್ಚಿನ ಪುಟ ಅಥವಾ ಶಾಸನದ ಚಿತ್ರ, ಅದನ್ನು ಯಾರು ಬಳಸುತ್ತಾರೆ ಎಂಬ ವಿವರ, ಇರುವ ಅಕ್ಷರಗಳಿಂದ ಯಾಕೆ ಕೆಲಸ ಆಗುವುದಿಲ್ಲ ಎಂಬ ವಾದ. 2003ರಲ್ಲಿ ಅವಗ್ರಹ ಬಂತು. 2018ರಲ್ಲಿ ಶಾಸನಗಳ ಮೊದಲಿಗೆ ಬರುವ ಸಿದ್ಧಂ ಗುರುತು ಬಂತು. ತುಳು-ತಿಗಳಾರಿ ಲಿಪಿ ವರ್ಷಗಟ್ಟಲೆ ಚರ್ಚೆಯಾಗಿ 2024ರಲ್ಲಿ ಒಳಗೆ ಬಂತು. ಹಳಗನ್ನಡದ ನಕಾರಪೊಲ್ಲು 2021ರಲ್ಲಿ ಬಂದು ಸರಿಯಾಗಿ ೞದ ಪಕ್ಕದ ಸೀಟಿನಲ್ಲಿ ಕೂತಿತು, 2025ರಲ್ಲಿ ಹಳೆಯ ರೂಪದ ಶ್ರೀ ಬಂದು ಅದರ ಪಕ್ಕ ಕೂತಿತು. ಳ ಮತ್ತು ವ ನಡುವಿನ ಸೀಟು ಈಗಲೂ ಖಾಲಿ ಇದೆ.