ಗೋಡೆಯ ಮೇಲಿನ ರೇಖೆಗಳು

ಅಮೂರ್ತ ಚಿತ್ರವೆಂದರೆ ಇಂದಿರಾನಗರದ ಸಿರಿವಂತರ ಹಜಾರದಲ್ಲಿ ತೂಗುವ ವಸ್ತು, ಶಿವಾಜಿನಗರದ ಎರಡು ಕೋಣೆಯ ಮನೆಗೆ ಅದರ ಗೊಡವೆ ಬೇಡ ಎಂದು ನಮ್ಮಲ್ಲಿ ಬಹಳ ಮಂದಿ ನಂಬಿದ್ದಾರೆ. 'ಇದಕ್ಕೆ ತಲೆಯೂ ಇಲ್ಲ, ಬಾಲವೂ ಇಲ್ಲ' ಎಂದು ನಗುತ್ತಾರೆ. ಆದರೆ ಅದೇ ಮನೆಯ ಗೋಡೆಯಲ್ಲಿ ತುಘ್ರಾ ಇರುತ್ತದೆ. ಹೆಣೆದುಕೊಂಡ ಅದರ ಅಕ್ಷರಗಳನ್ನು ಬಿಡಿಸಿ ಓದಬಲ್ಲವರು ಎಷ್ಟು ಮಂದಿ? ಓದಲಾಗದಿದ್ದರೂ ಅದರ ಕೆಳಗೆ ಉಂಡಿದ್ದೇವೆ, ಮಲಗಿದ್ದೇವೆ, ಮಕ್ಕಳ ನಿಕಾಹ್‌ನ ಮಾತು ಮುಗಿಸಿದ್ದೇವೆ. ತುಘ್ರಾದಲ್ಲಿ ಪವಿತ್ರ ವಚನವಿದೆ, ಅಮೂರ್ತ ಚಿತ್ರದಲ್ಲಿ ಅದಿಲ್ಲ. ಎರಡೂ ಒಂದೇ ಅಲ್ಲ. ಆದರೂ ಬರಿಯ ರೇಖೆಯೊಂದಿಗೆ ಬಾಳುವುದು ನಮ್ಮ ಕಣ್ಣಿಗೆ ಹೊಸದೇನಲ್ಲ.

ಈ ನಂಟು ಹಳೆಯದು. ಬಿಜಾಪುರದ ಇಬ್ರಾಹಿಂ ರೋಜಾದಲ್ಲಿ ಕಲ್ಲು ಕೊರೆದು ಅಕ್ಷರಗಳನ್ನೇ ಜಾಲಂಧ್ರವಾಗಿಸಿದ್ದಾರೆ. ಬೆಳಕು ಅವುಗಳ ಸಂದಿನಿಂದ ಒಳಬರುತ್ತದೆ. 17ನೇ ಶತಮಾನದ ದಖನಿನ ಕಲಾವಿದರು ನೀರಿನ ಮೇಲೆ ಬಣ್ಣ ತೇಲಿಸಿ, ಆ ಸುಳಿಗಳನ್ನು ಕಾಗದಕ್ಕೆ ಎತ್ತಿಕೊಂಡು 'ಅಬ್ರಿ' ಚಿತ್ರ ಮಾಡಿದರು. ಟಿಪ್ಪು ಸುಲ್ತಾನರ ಸಿಪಾಯಿಗಳ ಉಡುಪಿನ ಮೇಲಿದ್ದದ್ದು ಹುಲಿಯ ಚಿತ್ರವಲ್ಲ, ಹುಲಿಯ ಪಟ್ಟೆ ಮಾತ್ರ. ಅಷ್ಟೇ ಸಾಕಾಗಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. 1809ರಲ್ಲಿ ಇಂಗ್ಲಿಷರ ದಂಡು ಅಲ್ಲಿಂದ ಹಲಸೂರಿನ ಬಳಿಗೆ ಬಂತು. ಅದರ ಸುತ್ತ ಬೆಳೆದ ಬ್ಲಾಕ್‌ಪಲ್ಲಿಯೇ ಇಂದಿನ ಶಿವಾಜಿನಗರ.

ಆಧುನಿಕ ಕಾಲಕ್ಕೆ ಬಂದರೆ, ಸೈಯದ್ ಹೈದರ್ ರಝಾ (1922–2016) ಒಂದು ಕಪ್ಪು ಬಿಂದುವಿನಲ್ಲಿ ಲೋಕವನ್ನು ಕಂಡರು. ನಸ್ರೀನ್ ಮೊಹಮ್ಮದಿ (1937–1990) ಪೆನ್ಸಿಲು, ಶಾಯಿಯ ತೆಳುಗೆರೆಗಳಲ್ಲೇ ಬದುಕು ಸವೆಸಿದರು. 2016ರಲ್ಲಿ ನ್ಯೂಯಾರ್ಕಿನ ಮೆಟ್ ಬ್ರೂಯರ್ ಅವರ ಕೃತಿಗಳ ದೊಡ್ಡ ಪ್ರದರ್ಶನ ನಡೆಸಿತು. ನಮ್ಮ ಊರಿನವರೇ ಆಗಿಹೋದ ಯೂಸುಫ್ ಅರಕ್ಕಲ್ (1945–2016) ಕೇರಳದ ಚಾವಕ್ಕಾಡಿನಿಂದ ಬಂದು ಎಚ್‌ಎಎಲ್‌ನಲ್ಲಿ ದುಡಿದವರು, ಚಿತ್ರಕಲಾ ಪರಿಷತ್ತಿನಲ್ಲಿ ಕಲಿತವರು. ಅವರ ಚಿತ್ರಗಳಲ್ಲಿ ಮನುಷ್ಯರಿದ್ದಾರೆ, ಆದರೆ ಒಂಟಿಯಾಗಿ, ಮಸುಕಾಗಿ. ಕಾರ್ಖಾನೆಯ ದುಡಿಮೆಗಾರನಿಗೂ ಕಲೆಗೂ ದೂರವೆಂಬ ಮಾತನ್ನು ಅವರ ಬದುಕೇ ಸುಳ್ಳಾಗಿಸಿತು.

ಇಂದು ದಂಡಿನ ಹಳೆಯ ಮನೆಗಳು ಒಂದೊಂದಾಗಿ ಉರುಳಿ ಅಪಾರ್ಟ್‌ಮೆಂಟ್‌ಗಳು ಏಳುತ್ತಿವೆ. ಹೊಸ ಗೋಡೆಗಳಲ್ಲಿ ಟೀವಿಗೆ ಜಾಗವಿದೆ. ಕಣ್ಣು ದಣಿದಾಗ ಸುಮ್ಮನೆ ನಿಲ್ಲುವ ಜಾಗವೂ ಮನೆಗೆ ಬೇಕು. ಅಮೂರ್ತ ಚಿತ್ರವನ್ನು ಒಂದೇ ದಿನದಲ್ಲಿ ನೋಡಿ ಮುಗಿಸಲಾಗದು. ಬೆಳಗಿನಲ್ಲಿ ಒಂದು ಬಗೆ, ಮಗ್ರಿಬ್ ಹೊತ್ತಿಗೆ ಇನ್ನೊಂದು ಬಗೆ ಕಾಣುತ್ತದೆ. ಅದು ನಮ್ಮಿಂದ ಉತ್ತರ ಕೇಳುವುದಿಲ್ಲ, ತಾಳ್ಮೆಯನ್ನಷ್ಟೇ ಕೇಳುತ್ತದೆ. ಮಗು ನೋಟ್‌ಬುಕ್ಕಿನ ಹಾಳೆಯಲ್ಲಿ ಗೆರೆ ಎಳೆದು ತಂದಾಗ 'ಇದೇನು' ಎಂದು ಗದರುವ ಮೊದಲು, ಅದನ್ನು ಗೋಡೆಗೆ ಅಂಟಿಸಿ ನಾಲ್ಕು ದಿನ ನೋಡೋಣ.