ಮನೆ ಹಿಂದಿನ ಶೆಡ್‌ಗೆ ಬಿಸಿಲು ಬಂದ ಕಥೆ

ಭಾಗ 1/9

"ಗ್ಯಾರೇಜ್‌ನಲ್ಲಿ ಶುರು ಮಾಡಿದ್ರು, ಇವತ್ತು ಕೋಟಿ ಕೋಟಿ ಕಂಪನಿ" ಅನ್ನೋ ರೀಲ್ಸ್ ನೀವೂ ನೋಡಿರ್ತೀರಿ. ಹಿಂದೆ ಜೋರು ಮ್ಯೂಸಿಕ್, ಕೊನೆಗೆ "ನೀನೂ ಮಾಡಬಹುದು" ಅಂತ ಒಂದು ಸಾಲು.

ನಾನು ಬಿಕಾಂ ಓದೋನು, ಹಾಗಾಗಿ ನನ್ನ ತಲೆಗೆ ಬರೋ ಪ್ರಶ್ನೆ ಬೇರೆ. ಆ ಗ್ಯಾರೇಜ್‌ಗೆ ಕರೆಂಟ್ ಎಲ್ಲಿಂದ ಬಂತು? ಮೊದಲ ದುಡ್ಡು ಯಾರು ಹಾಕಿದ್ರು?

ಈ ಸರಣಿಯಲ್ಲಿ ಮೂರು ವಿಷಯ ಒಟ್ಟಿಗೆ ನೋಡೋಣ: ಮನೆಯಿಂದ ಬೇರೆಯಾಗಿ ಕಟ್ಟಿದ ಶೆಡ್, ಅದರೊಳಗಿನ ಮಷೀನು, ಅದರ ಮೇಲಿನ ಸೋಲಾರ್ ಪ್ಲೇಟು. ಮೂರಕ್ಕೂ ಬೇರೆ ಬೇರೆ ಇತಿಹಾಸ ಇದೆ. ಮೂರೂ ಒಂದು ಕಡೆ ಸೇರೋಕೆ ನೂರು ವರ್ಷದ ಹತ್ತಿರ ಹಿಡಿದಿದೆ. ಯಾಕೆ ಅಷ್ಟು ತಡ ಆಯ್ತು ಅನ್ನೋದೇ ನಮ್ಮ ಕಥೆ.

ಭಾಗ 2/9: ಶೆಡ್ ಯಾಕೆ ಬೇರೆ?

ಗ್ಯಾರೇಜ್ ಅನ್ನೋ ಪದ ಫ್ರೆಂಚ್‌ನಿಂದ ಬಂದದ್ದು. ಗಾಡಿಯನ್ನು ಭದ್ರವಾಗಿ ನಿಲ್ಲಿಸೋದು ಅಂತ ಅದರ ಮೂಲ ಅರ್ಥ. ಕಾರು ಬರೋಕೆ ಮುಂಚೆ ಅಮೆರಿಕದ ಅನುಕೂಲಸ್ಥರ ಮನೆ ಹಿಂದೆ ಕುದುರೆ ಲಾಯ, ಸಾರೋಟಿನ ಕೊಟ್ಟಿಗೆ ಇರ್ತಿತ್ತು. ನಮ್ಮಲ್ಲಿ ದನದ ಕೊಟ್ಟಿಗೆ ಇದ್ದ ಹಾಗೆ ಅಂದ್ಕೊಳ್ಳಿ. ಕಾರು ಬಂದ ಮೇಲೆ ಅದಕ್ಕೂ ಜಾಗ ಹಿತ್ತಲಲ್ಲೇ ಸಿಕ್ಕಿತು. ಪೆಟ್ರೋಲಿನ ವಾಸನೆ, ಬೆಂಕಿಯ ಭಯ, ಸದ್ದು. ಇವೆಲ್ಲ ಅಡುಗೆಮನೆ ಪಕ್ಕ ಯಾರಿಗೆ ಬೇಕು?

ಆದ್ರೆ ಹಾಗೆ ದೂರ ಇಟ್ಟಿದ್ದರಿಂದಲೇ ಒಂದು ಲಾಭವೂ ಆಯ್ತು. ಮನೆಯೊಳಗೆ ಮಾಡೋಕಾಗದ ಗಲಾಟೆಯ ಕೆಲಸಕ್ಕೆ ಒಂದು ಜಾಗ ಸಿಕ್ಕಿತು. 1896ರ ಜೂನ್‌ನಲ್ಲಿ ಹೆನ್ರಿ ಫೋರ್ಡ್ ತನ್ನ ಮೊದಲ ಗಾಡಿಯನ್ನು ಮುಗಿಸಿದ್ದು ಡೆಟ್ರಾಯ್ಟ್‌ನ ಬ್ಯಾಗ್ಲಿ ಅವೆನ್ಯೂದ ಬಾಡಿಗೆ ಮನೆಯ ಹಿಂದಿದ್ದ ಇಟ್ಟಿಗೆ ಶೆಡ್‌ನಲ್ಲಿ. ಗಾಡಿ ರೆಡಿ ಆದ ಮೇಲೆ ನೋಡಿದ್ರೆ ಬಾಗಿಲು ಚಿಕ್ಕದು! ಕೊಡಲಿ ತಗೊಂಡು ಗೋಡೆ ಒಡೆದು ಗಾಡಿ ಹೊರಗೆ ತಂದ. ಆಗ ಫೋರ್ಡ್‌ಗೆ ಎಡಿಸನ್ ಇಲ್ಯುಮಿನೇಟಿಂಗ್ ಕಂಪನಿಯಲ್ಲಿ ಇಂಜಿನಿಯರ್ ಕೆಲಸ. ಅಂದ್ರೆ ಶೆಡ್ಡಿನ ಸಾಹಸದ ಹಿಂದೆ ಪ್ರತಿ ತಿಂಗಳು ತಪ್ಪದೆ ಬರೋ ಸಂಬಳ ಇತ್ತು. ರೀಲ್ಸ್‌ನಲ್ಲಿ ಈ ಸಾಲು ಇರಲ್ಲ.

ಭಾಗ 3/9: 538 ಡಾಲರ್ ಮತ್ತು ಒಂದು ವೈರು

ಎಲ್ಲರಿಗೂ ಗೊತ್ತಿರೋ ಗ್ಯಾರೇಜ್ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದ್ದು, 367 ಅಡಿಸನ್ ಅವೆನ್ಯೂ. ಬಿಲ್ ಹ್ಯೂಲೆಟ್, ಡೇವ್ ಪ್ಯಾಕರ್ಡ್ ಅಲ್ಲಿ 1938ರಲ್ಲಿ ಕೆಲಸ ಶುರು ಮಾಡಿದ್ರು. 1939ರ ಜನವರಿ 1ಕ್ಕೆ ಪಾಲುದಾರಿಕೆ ಆಯ್ತು. ಬಂಡವಾಳ 538 ಡಾಲರ್. ಮನೆಯಿಂದ ಬೇರೆ ನಿಂತಿರೋ ಆ ಗ್ಯಾರೇಜಿನ ಅಳತೆ 12 ಅಡಿಗೆ 18 ಅಡಿ, ಒಂದು ಕಾರಿನ ಜಾಗ ಅಷ್ಟೇ. ಈ ಅಳತೆ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಅವರು ಮಾಡಿದ್ದು ಆಡಿಯೋ ಆಸಿಲೇಟರ್, ಸದ್ದಿನ ಸಾಧನಗಳನ್ನು ಪರೀಕ್ಷಿಸೋ ಯಂತ್ರ. ಅದರ ಒಂದು ಮಾದರಿಯನ್ನು ಡಿಸ್ನಿ ಸ್ಟುಡಿಯೋ ಎಂಟು ತಗೊಂಡಿತು. ಇಂಥ ಕೆಲಸ ಕರೆಂಟ್ ಇಲ್ಲದೆ ಆಗೋದೇ ಇಲ್ಲ. ಪಾಲೋ ಆಲ್ಟೋ ಪಟ್ಟಣದಲ್ಲಿ ವೈರು ಆಗಲೇ ಹಿತ್ತಲಿಗೆ ಬಂದಿತ್ತು. ಆದ್ರೆ 1935ರ ಹೊತ್ತಿಗೆ ಅದೇ ಅಮೆರಿಕದ ಹಳ್ಳಿಗಾಡಿನಲ್ಲಿ ಹತ್ತು ತೋಟದ ಮನೆಗಳಲ್ಲಿ ಸುಮಾರು ಒಂಬತ್ತಕ್ಕೆ ಕರೆಂಟೇ ಇರಲಿಲ್ಲ! ದೂರ ದೂರ ಇರೋ ಮನೆಗಳಿಗೆ ಕಂಬ ನೆಟ್ಟರೆ ಲಾಭ ಇಲ್ಲ ಅಂತ ಖಾಸಗಿ ಕಂಪನಿಗಳು ಮುಂದೆ ಬರಲಿಲ್ಲ. ಆ ವರ್ಷವೇ ಸರ್ಕಾರ ಗ್ರಾಮೀಣ ವಿದ್ಯುದೀಕರಣಕ್ಕೆ ಬೇರೆ ಇಲಾಖೆ ಮಾಡಿ, ರೈತರ ಸಹಕಾರ ಸಂಘಗಳಿಗೆ ಸಾಲ ಕೊಡಬೇಕಾಯ್ತು.

ಅಂದ್ರೆ ಗ್ಯಾರೇಜ್ ಕಥೆ ವೈರು ತಲುಪಿದ ಊರಿನವರ ಕಥೆ.

ಭಾಗ 4/9: ವೈರು ಯಾರ ಹತ್ರ ಹೋಗುತ್ತೆ?

ಇದೇ ನಿಯಮ ನಮ್ಮ ಮೈಸೂರು ಸಂಸ್ಥಾನದಲ್ಲಿ ಇನ್ನೂ ಮೊದಲೇ ಕಾಣುತ್ತೆ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯಿಂದ ಕರೆಂಟ್ ತೆಗೆದ್ರು. ನಮ್ಮೂರಿನ ಹೆಮ್ಮೆ ಅಂತ ಎಲ್ಲರೂ ಓದಿದ್ದೀವಿ. ಆದ್ರೆ ಆ ಕರೆಂಟ್ ಮೊದಲು ಹೋಗಿದ್ದು ಎಲ್ಲಿಗೆ? ಪಕ್ಕದ ಹಳ್ಳಿಗಲ್ಲ. ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು 1905ರಲ್ಲಿ.

ಇದರಲ್ಲಿ ಯಾರನ್ನೂ ವಿಲನ್ ಮಾಡೋದು ಬೇಡ. ಲೆಕ್ಕ ಸರಳ. ಕಂಬ, ತಾಮ್ರದ ತಂತಿ, ಟರ್ಬೈನು ಎಲ್ಲಕ್ಕೂ ಮೊದಲೇ ದೊಡ್ಡ ಬಂಡವಾಳ ಬೇಕು. ದಿನವಿಡೀ ಕರೆಂಟ್ ಬಳಸಿ ಬಿಲ್ ಕಟ್ಟೋ ಗಿರಾಕಿ ಇದ್ದ ಕಡೆಗೆ ವೈರು ಹೋಗುತ್ತೆ. ಗಣಿಗೆ ಆ ತಾಕತ್ತು ಇತ್ತು, ಹಳ್ಳಿಯ ಕಮ್ಮಾರನ ಕುಲುಮೆಗೆ ಇರಲಿಲ್ಲ.

ಹಾಗಾದ್ರೆ ವೈರೇ ಬೇಡದ ಕರೆಂಟ್ ಇದ್ದಿದ್ರೆ?

ಭಾಗ 5/9: ನಮ್ಮ ವಯಸ್ಸಿನ ಹುಡುಗ

ಬೆಳಕು ಬಿದ್ದರೆ ಕರೆಂಟ್ ಹುಟ್ಟುತ್ತೆ ಅಂತ 1839ರಲ್ಲಿ ಕಂಡುಹಿಡಿದ ಎಡ್ಮಂಡ್ ಬೆಕೆರೆಲ್‌ಗೆ ಆಗ 19 ವರ್ಷ. ಕೆಲಸ ಮಾಡಿದ್ದು ಪ್ಯಾರಿಸ್‌ನಲ್ಲಿ, ಅಪ್ಪನ ಪ್ರಯೋಗಶಾಲೆಯಲ್ಲಿ. ನಮ್ಮಲ್ಲಿ ಕೆಲವರು ಆ ವಯಸ್ಸಿಗೆ ಅಪ್ಪನ ಬೈಕ್ ಕೀ ಕೇಳ್ತಾ ಇರ್ತೀವಿ, ಇರಲಿ.

1883ರಲ್ಲಿ ನ್ಯೂಯಾರ್ಕ್‌ನ ಚಾರ್ಲ್ಸ್ ಫ್ರಿಟ್ಸ್ ಸೆಲೆನಿಯಂ ಮೇಲೆ ತೆಳುವಾಗಿ ಚಿನ್ನ ಲೇಪಿಸಿ ಸೋಲಾರ್ ಸೆಲ್ ಮಾಡಿದ. ಬಿದ್ದ ಬಿಸಿಲಲ್ಲಿ ನೂರಕ್ಕೆ ಒಂದು ಪಾಲಿನಷ್ಟು ಮಾತ್ರ ಕರೆಂಟ್ ಆಗ್ತಿತ್ತು. ನಿಜವಾದ ತಿರುವು ಬಂದಿದ್ದು 1954ರ ಏಪ್ರಿಲ್‌ನಲ್ಲಿ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಚಾಪಿನ್, ಫುಲ್ಲರ್, ಪಿಯರ್ಸನ್ ಅನ್ನೋ ಮೂವರು ಸಿಲಿಕಾನ್ ಸೆಲ್ ತೋರಿಸಿದ್ರು, ಸಾಮರ್ಥ್ಯ ಸುಮಾರು ನೂರಕ್ಕೆ ಆರು. ಜನರ ಮುಂದೆ ಓಡಿಸಿ ತೋರಿಸಿದ್ದು ಜಾತ್ರೆಯ ತೊಟ್ಟಿಲಿನಂಥ ಪುಟ್ಟ ಆಟಿಕೆ ಚಕ್ರ.

ಆಟಿಕೆಯೇ ಯಾಕೆ ಅಂದ್ರೆ ಬೆಲೆ. ಆಗ ಒಂದು ವ್ಯಾಟ್‌ಗೆ ಸುಮಾರು 300 ಡಾಲರ್. ಹ್ಯೂಲೆಟ್, ಪ್ಯಾಕರ್ಡ್ ಇಟ್ಟಿದ್ದ ಇಡೀ ಬಂಡವಾಳ ಸುರಿದ್ರೂ ಎರಡು ವ್ಯಾಟ್ ಬರ್ತಿರಲಿಲ್ಲ! ಅಷ್ಟು ದುಡ್ಡು ಕೊಡೋ ಗಿರಾಕಿ ಆಕಾಶದಲ್ಲಿ ಸಿಕ್ಕಿದ. 1958ರ ಮಾರ್ಚ್‌ನಲ್ಲಿ ಹಾರಿದ ವ್ಯಾನ್‌ಗಾರ್ಡ್ 1 ಉಪಗ್ರಹದಲ್ಲಿ ಬ್ಯಾಟರಿ ರೇಡಿಯೋ ಬೇಗನೇ ನಿಂತುಹೋಯ್ತು. ಸೋಲಾರ್ ರೇಡಿಯೋ 1964ರವರೆಗೆ ಮಾತಾಡ್ತಾನೇ ಇತ್ತು.

ಭಾಗ 6/9: ಆಕಾಶದಿಂದ ಹಿತ್ತಲಿಗೆ

ಭೂಮಿಗೆ ಇಳಿಸಿದ್ದು ಮತ್ತೆ ಬೆಲೆಯೇ. 1970ರ ದಶಕದ ಶುರುವಿನಲ್ಲಿ ಎಲಿಯಟ್ ಬರ್ಮನ್ ಅನ್ನೋ ವಿಜ್ಞಾನಿ, ಎಕ್ಸಾನ್ ತೈಲ ಕಂಪನಿಯ ದುಡ್ಡಿನಲ್ಲಿ, ಒಂದು ವ್ಯಾಟ್‌ನ ಬೆಲೆಯನ್ನು ಸುಮಾರು 100 ಡಾಲರ್‌ನಿಂದ 20 ಡಾಲರ್‌ಗೆ ತಂದ್ರು. ಮೊದಲು ಕೊಂಡವರು ಯಾರು ಗೊತ್ತಾ? ಸಮುದ್ರದ ಮಧ್ಯೆ ತೈಲ ತೆಗೆಯೋ ಕಂಪನಿಗಳು, ಅಲ್ಲಿನ ಎಚ್ಚರಿಕೆ ದೀಪಕ್ಕೆ. ತೈಲವೇ ಸೋಲಾರ್‌ನ ಸಾಕಿತು, ಇತಿಹಾಸ ಹೀಗೂ ತಮಾಷೆ ಮಾಡುತ್ತೆ.

ಆಮೇಲೆ ಬಂದವರು ಉತ್ತರ ಕ್ಯಾಲಿಫೋರ್ನಿಯಾದ ಕಾಡುಬೆಟ್ಟಗಳಲ್ಲಿ ಕಂಬದಿಂದ ದೂರ ಮನೆ ಕಟ್ಟಿಕೊಂಡ ಜನ. 1978ರಲ್ಲಿ ಶುರುವಾದ ರಿಯಲ್ ಗೂಡ್ಸ್ ಅನ್ನೋ ಅಂಗಡಿ ಇವರಿಗೆ ಪ್ಯಾನೆಲ್ ಮಾರಿತು. 1987ರಲ್ಲಿ ಒರೆಗಾನ್‌ನಿಂದ ಹೋಮ್ ಪವರ್ ಅನ್ನೋ ಪತ್ರಿಕೆಯೂ ಬಂತು, 2018ರವರೆಗೆ ನಡೆಯಿತು. ಸ್ವಂತ ಕೈಯಿಂದ ಮನೆ, ಶೆಡ್, ಬ್ಯಾಟರಿ ಪೆಟ್ಟಿಗೆ ಕಟ್ಟೋ ಜನರಿಗೆ ಅದೇ ಪಠ್ಯಪುಸ್ತಕ.

ಆದ್ರೆ ಶುರುವಿನಲ್ಲಿ ಸೋಲಾರ್ ಕೊಟ್ಟಿದ್ದು ಬೆಳಕು, ರೇಡಿಯೋ ಅಷ್ಟೇ. ಕಾರಿನ ಬ್ಯಾಟರಿ ಲೆಕ್ಕದ 12 ವೋಲ್ಟ್. ಕೆಲಸದ ಮಷೀನು ಇನ್ನೂ ದೂರ ಇತ್ತು.

ಭಾಗ 7/9: ಬಲ್ಬು ಬೇರೆ, ಮೋಟರು ಬೇರೆ

ಇದು ಸರಣಿಯ ಮುಖ್ಯ ಭಾಗ, ಸೇವ್ ಮಾಡ್ಕೊಳ್ಳಿ.

9 ವ್ಯಾಟ್‌ನ ಎಲ್‌ಇಡಿ ಬಲ್ಬು ಒಂದು ಸಂಜೆ ಉರಿದರೂ ಲೆಕ್ಕಕ್ಕೇ ಬರಲ್ಲ. 1 ಎಚ್‌ಪಿ ಮೋಟರ್ ಅಂದ್ರೆ 746 ವ್ಯಾಟ್. ಅದೂ ಮಾಮೂಲಿ ಇಂಡಕ್ಷನ್ ಮೋಟರ್ ಆದ್ರೆ ಸ್ಟಾರ್ಟ್ ಆಗೋ ಕ್ಷಣದಲ್ಲಿ ಐದಾರು ಪಟ್ಟು ಕರೆಂಟ್ ಎಳೆಯುತ್ತೆ. ಪ್ಯಾನೆಲ್ ಸಾಕಷ್ಟು ಇದ್ದರೂ ಆ ಒಂದು ಕ್ಷಣಕ್ಕೆ ಇನ್ವರ್ಟರ್ ಟ್ರಿಪ್ ಆಗುತ್ತೆ. ಶೆಡ್‌ಗೆ ಸೋಲಾರ್ ಹಾಕೋವಾಗ ಕೇಳಬೇಕಾದ ಮೊದಲ ಪ್ರಶ್ನೆ "ದಿನಕ್ಕೆ ಎಷ್ಟು ಯೂನಿಟ್" ಅಲ್ಲ. "ಅತಿ ದೊಡ್ಡ ಮಷೀನು ಯಾವುದು, ಒಟ್ಟಿಗೆ ಎಷ್ಟು ಓಡುತ್ತೆ" ಅನ್ನೋದು.

ಈಗ ಆ 12ಕ್ಕೆ 18 ಅಡಿ ಗ್ಯಾರೇಜ್‌ಗೆ ವಾಪಸ್ ಬನ್ನಿ. ನೆಲ 216 ಚದರ ಅಡಿ. ಅದರ ಚಾವಣಿಯ ಅರ್ಧ ಭಾಗದಲ್ಲಿ ಇವತ್ತಿನ ಪ್ಯಾನೆಲ್ ಹಾಕಿದ್ರೆ ಸುಮಾರು 2 ಕಿಲೋವ್ಯಾಟ್ ಹಿಡಿಯುತ್ತೆ. ನಮ್ಮ ಕಡೆಯ ಬಿಸಿಲಿಗೆ ಕಿಲೋವ್ಯಾಟ್‌ಗೆ ದಿನಕ್ಕೆ ಸರಾಸರಿ 4 ಯೂನಿಟ್, ಒಟ್ಟು 8. ಎರಡು ಗಂಟೆ 1 ಎಚ್‌ಪಿ ಮಷೀನು, ಒಂದು ಗಂಟೆ ಗ್ರೈಂಡರ್, ದಿನವಿಡೀ ಫ್ಯಾನು, ಲೈಟು ಎಲ್ಲ ಸೇರಿದ್ರೂ ಮೂರು ಯೂನಿಟ್ ಆಸುಪಾಸು. 1954ರಲ್ಲಿ ಆಟಿಕೆ ತಿರುಗಿಸಿದ ಬಿಸಿಲು ಇವತ್ತು ಒಂದು ಶೆಡ್ ನಡೆಸುತ್ತೆ.

ಹಾಗಾದ್ರೆ ಯಾಕೆ ಎಲ್ಲ ಶೆಡ್ ಮೇಲೂ ಪ್ಯಾನೆಲ್ ಇಲ್ಲ?

ಭಾಗ 8/9: ತಿಂಗಳಿಗೆ 300, ದಿನಕ್ಕೆ 10

ಇದಕ್ಕೆ ಒಳ್ಳೆ ಉತ್ತರ ಕೊಟ್ಟವರು ನಮ್ಮ ಕರ್ನಾಟಕದವರೇ. ಹರೀಶ್ ಹಂದೆ 1995ರಲ್ಲಿ ನೆವಿಲ್ ವಿಲಿಯಮ್ಸ್ ಜೊತೆ ಸೆಲ್ಕೋ ಶುರು ಮಾಡಿದ್ರು. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಬೀದಿ ವ್ಯಾಪಾರಿಯೊಬ್ಬರಿಂದ ಕಲಿತ ಪಾಠವನ್ನು ಅವರು ಭಾಷಣಗಳಲ್ಲಿ ಹೇಳ್ತಾರೆ: ತಿಂಗಳಿಗೆ 300 ರೂಪಾಯಿ ಕಟ್ಟೋದು ಕಷ್ಟ, ದಿನಕ್ಕೆ 10 ರೂಪಾಯಿ ಆದ್ರೆ ಆಗುತ್ತೆ.

ಕ್ಲಾಸಲ್ಲಿ ನಾವು ಎರಡೂ ಒಂದೇ ಅಂತ ಬರೀತೀವಿ. ಸಂಜೆ ಗಲ್ಲಾ ಪೆಟ್ಟಿಗೆ ಎಣಿಸೋರಿಗೆ ಎರಡೂ ಒಂದೇ ಅಲ್ಲ. ದುಡ್ಡು ಬರೋ ಲಯಕ್ಕೆ ಸಾಲದ ಕಂತು ಹೊಂದಬೇಕು. ಸೆಲ್ಕೋ ಪ್ಲೇಟು ಮಾರಿದ್ದಕ್ಕಿಂತ ಮುಖ್ಯವಾಗಿ, ಗ್ರಾಮೀಣ ಬ್ಯಾಂಕುಗಳನ್ನು ಸೋಲಾರ್‌ಗೆ ಸಾಲ ಕೊಡೋಕೆ ಒಪ್ಪಿಸಿತು. ಆಮೇಲೆ ದೀಪದಿಂದ ಕೆಲಸಕ್ಕೆ ಬಂದ್ರು: ಸೋಲಾರ್ ಹೊಲಿಗೆ ಮಷೀನು, ರೊಟ್ಟಿ ಮಷೀನು, ಕಮ್ಮಾರರ ಕುಲುಮೆಗೆ ಗಾಳಿ ಊದೋ ಬ್ಲೋವರು. ಕಡಿಮೆ ಕರೆಂಟ್ ಕುಡಿಯೋ ಮೋಟರ್ ಹಾಕಿದ್ರೆ ಪ್ಯಾನೆಲೂ ಚಿಕ್ಕದು, ಸಾಲವೂ ಚಿಕ್ಕದು. 1902ರಲ್ಲಿ ವೈರು ಹೋಗದ ಕುಲುಮೆಗೆ ಬಿಸಿಲು ಹೋಗಿದ್ದು ಹೀಗೆ.

ಇನ್ನೊಂದು ಕಡೆ ಪಾವಗಡ ನೋಡಿ. ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್. ದೊಡ್ಡ ಸಾಧನೆಯೇ. ಆದ್ರೆ ಅಲ್ಲಿ ಹುಟ್ಟಿದ ಕರೆಂಟ್ ಶಿವನಸಮುದ್ರದ್ದರ ಹಾಗೆ ದೊಡ್ಡ ವೈರಿನಲ್ಲಿ ದೂರಕ್ಕೆ ಹೋಗುತ್ತೆ. ಶೆಡ್ ಮೇಲಿನ ಎರಡು ಕಿಲೋವ್ಯಾಟ್ ಅಲ್ಲೇ ಉಳಿಯುತ್ತೆ.

ಭಾಗ 9/9: ನಮ್ಮ ಮಾವನ ಲೆಕ್ಕ

ಇದನ್ನೆಲ್ಲ ಓದೋಕೆ ಕಾರಣ ನಮ್ಮ ಸೋದರಮಾವ. ತಿಪಟೂರು ಕಡೆ ಹಳ್ಳಿ, ಮನೆ ಹಿಂದೆ ಶೀಟಿನ ಶೆಡ್ಡು, ಮರಗೆಲಸ. ಬಾಗಿಲು, ಕಿಟಕಿ, ಮಂಚ. ಹಗಲು ಹೊತ್ತು ಕರೆಂಟ್ ಹೋದ್ರೆ ರಂದಾ ಮಷೀನು ನಿಲ್ಲುತ್ತೆ, ಜೊತೆಗಿರೋ ಹುಡುಗನ ಕೂಲಿ ನಿಲ್ಲಲ್ಲ. ಸೋಲಾರ್‌ಗೆ ಸಾಲ ಮಾಡೋದಾ ಬೇಡವಾ ಅಂತ ಈ ಯುಗಾದಿಯಿಂದ ಮನೇಲಿ ಮಾತು ನಡೀತಿದೆ. ಅತ್ತೆಗೆ ಭಯ, ಮಗಳ ಪಿಯುಸಿ ಫೀಸೂ ಇದೇ ವರ್ಷ.

"ಏನೋ ಕಾಮರ್ಸು, ನೀನೇ ಹೇಳಪ್ಪ" ಅಂದ್ರು ಮಾವ.

ನಾನು ಹೇಳಿದ್ದು ಎರಡೇ ಮಾತು. ಒಂದು, 2024ರಲ್ಲಿ ಬಂದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 78,000 ರೂಪಾಯಿವರೆಗೆ ಸಬ್ಸಿಡಿ ಇದೆ, ಆದ್ರೆ ಅದು ವಾಸದ ಮನೆಗೆ. ಜೊತೆಗೆ ಬ್ಯಾಟರಿ ಇಲ್ಲದ ಮಾಮೂಲಿ ಗ್ರಿಡ್ ಸೋಲಾರ್, ಕರೆಂಟ್ ಹೋದಾಗ ತಾನೂ ಆಫ್ ಆಗುತ್ತೆ. ಲೈನ್ ರಿಪೇರಿ ಮಾಡೋರಿಗೆ ಶಾಕ್ ಹೊಡೀಬಾರದು ಅಂತ ಹಾಗೆ ಮಾಡಿರೋದು. ಮಾವನಿಗೆ ಬೇಕಾಗಿರೋದು ಬ್ಯಾಟರಿ ಇರೋ ವ್ಯವಸ್ಥೆ, ಅದರ ಖರ್ಚು ಜಾಸ್ತಿ, ಬ್ಯಾಟರಿ ಬದಲಿಸೋ ಖರ್ಚೂ ಸೇರಿಸಬೇಕು.

ಎರಡು, ಉಳಿಯೋ ಕರೆಂಟ್ ಬಿಲ್ಲನ್ನಷ್ಟೇ ಲೆಕ್ಕ ಹಾಕಿದ್ರೆ ಸಾಲ ಯಾವತ್ತೂ ದುಬಾರಿಯಾಗೇ ಕಾಣುತ್ತೆ. ನಿಂತುಹೋದ ಗಂಟೆಗಳನ್ನು ಬರೆದಿಡಿ. ಕರೆಂಟ್ ಇಲ್ಲದೆ ಎಷ್ಟು ಹೊತ್ತು ಸುಮ್ಮನೆ ಕೂತ್ರಿ, ಯಾವ ಆರ್ಡರ್ ತಡ ಆಯ್ತು, ಯಾವುದು ಕೈತಪ್ಪಿತು. ಆ ನಷ್ಟ ಯಾವ ಬಿಲ್ಲಿನಲ್ಲೂ ಪ್ರಿಂಟ್ ಆಗಲ್ಲ. ಗಣಿಯವರು 1902ರಲ್ಲಿ ಲೆಕ್ಕ ಹಾಕಿದ್ದೂ ಯೂನಿಟ್ಟನ್ನಲ್ಲ, ಆಗೋ ಕೆಲಸವನ್ನ.

ಈಗ ಮಾವ ಶೆಡ್ಡಿನ ಗೋಡೆ ಮೇಲೆ ಸೀಸದ ಕಡ್ಡಿಯಲ್ಲಿ ಗಂಟೆ ಬರೀತಿದ್ದಾರೆ. ಮೂರು ತಿಂಗಳು ಆದ ಮೇಲೆ ಬ್ಯಾಂಕಿಗೆ ಹೋಗೋದು ಅಂತ ತೀರ್ಮಾನ. ಅತ್ತೆನೂ ಒಪ್ಪಿದ್ದಾರೆ, "ಲೆಕ್ಕ ಸರಿ ಬಂದ್ರೆ ಮಾತ್ರ" ಅಂತ.

ನಿಮ್ಮ ಬೀದಿಯಲ್ಲೂ ಇಂಥ ಒಂದು ಶೆಡ್ ಇರುತ್ತೆ. ಟೈಲರಿಂಗೋ, ವೆಲ್ಡಿಂಗೋ, ಪಂಚರ್ ಅಂಗಡಿಯೋ. ಹೋಗಿ ಮೂರು ಪ್ರಶ್ನೆ ಕೇಳಿ: ದೊಡ್ಡ ಮಷೀನು ಎಷ್ಟು ವ್ಯಾಟು, ಕೆಲಸ ನಿಲ್ಲೋದು ಎಷ್ಟು ಹೊತ್ತು, ದುಡ್ಡು ಕೈಗೆ ಬರೋದು ದಿನಕ್ಕಾ, ವಾರಕ್ಕಾ, ತಿಂಗಳಿಗಾ? ಉತ್ತರ ಕಾಮೆಂಟಲ್ಲಿ ಹಾಕಿ, ಒಟ್ಟಿಗೆ ಕೂತು ಲೆಕ್ಕ ಹಾಕೋಣ. ಬಿಸಿಲು ಫ್ರೀ. ಮೊದಲ ದುಡ್ಡು ಮಾತ್ರ ಯಾವ ಕಾಲಕ್ಕೂ ಫ್ರೀ ಆಗಿರಲಿಲ್ಲ.

#ಬಿಕಾಂಇತಿಹಾಸ #ಶೆಡ್ಡಿನಕಥೆ #ಸೋಲಾರ್ #ಕನ್ನಡದಲ್ಲಿಓದಿ