ಅರಳುಮರಳು ಮತ್ತು ಪ್ಲಾಸ್ಮಲೋಜನ್: ಒಂದು ಚಾರಿತ್ರಿಕ ವಿಮರ್ಶೆ

೧೯೮೬ರಲ್ಲಿ ಬೆಂಗಳೂರು ಗ್ರಾಮಾಂತರವೆಂಬ ಹೆಸರಿನಿಂದ ಬೇರ್ಪಟ್ಟ ಜಿಲ್ಲೆಗೆ ಸೇರಿದ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಸೀಮೆಗಳಲ್ಲಿ, ಕನ್ನಡ ನಾಡಿನ ಇತರ ಕಡೆಗಳಲ್ಲಿರುವಂತೆಯೇ, 'ಅರವತ್ತಕ್ಕೆ ಅರಳು ಮರಳು' ಎಂಬ ಗಾದೆ ರೂಢಿಯಲ್ಲಿದೆ. ವೃದ್ಧರು ಉಂಡುದನ್ನು ಮರೆತು ಮತ್ತೆ ಅನ್ನ ಕೇಳಿದರೂ, ತಮ್ಮ ಹೊಲದ ದಾರಿಯನ್ನೇ ತಪ್ಪಿದರೂ, ಮನೆಯವರು ಈ ಗಾದೆಯನ್ನು ಹೇಳಿಕೊಂಡು ಸುಮ್ಮನಾಗುವುದುಂಟು. ಗಾದೆಯಲ್ಲಿ ಕರುಣೆಯಿದೆ, ಆದರೆ ಅದು ವಯೋಧರ್ಮವನ್ನೂ ವ್ಯಾಧಿಯನ್ನೂ ಬೇರ್ಪಡಿಸುವುದಿಲ್ಲ. ಇವೆರಡನ್ನು ಬೇರ್ಪಡಿಸುವ ಪ್ರಯತ್ನದ ಚರಿತ್ರೆಯಲ್ಲಿ ಪ್ಲಾಸ್ಮಲೋಜನ್ ಎಂಬ ಸ್ನೇಹದ್ರವ್ಯಕ್ಕೆ ಒಂದು ಸ್ಥಾನವುಂಟು. ಅದನ್ನು ನಿರೂಪಿಸಿ, ಅದರ ಸಂಬಂಧವಾಗಿ ಏಳಬಹುದಾದ ಎರಡು ಪೂರ್ವಪಕ್ಷಗಳನ್ನು ಪರೀಕ್ಷಿಸುವುದು ಈ ಲೇಖನದ ಉದ್ದೇಶವಾಗಿದೆ.

ಮೆದುಳಿನ ಸ್ನೇಹಭಾಗಗಳನ್ನು ಕ್ರಮವಾಗಿ ವಿಂಗಡಿಸಿದವರಲ್ಲಿ ಅಗ್ರಗಣ್ಯನು ಥೂಡಿಕಮ್ ಎಂಬ ಪಂಡಿತನು. ಇವನ ಮಹಾಗ್ರಂಥವು ೧೮೮೪ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಅವನು ಕೆಫಲಿನ್ ಎಂದು ಕರೆದ ಭಾಗದಲ್ಲಿಯೇ ನಮ್ಮ ದ್ರವ್ಯವು ಅಡಗಿದ್ದಿತಾದರೂ ಮುಂದೆ ನಾಲ್ವತ್ತು ವರ್ಷಗಳ ಕಾಲ ಅದು ಯಾರ ಕಣ್ಣಿಗೂ ಬೀಳಲಿಲ್ಲ. ೧೯೨೪ರಲ್ಲಿ ಜರ್ಮನಿಯ ಫಾಯ್ಲ್ಗೆನ್ ಮತ್ತು ಫಾಯ್ಟ್ ಎಂಬವರು ಜೀವಕೋಶದ ಬೀಜಕ್ಕೆ ಬಣ್ಣ ಕೊಡುವ ಪ್ರಯೋಗದಲ್ಲಿ ತೊಡಗಿದ್ದಾಗ, ಮದ್ಯಸಾರದಲ್ಲಿ ತೊಳೆಯದಿದ್ದ ತುಣುಕುಗಳಲ್ಲಿ ಬೀಜದ ಸುತ್ತಣ ಜೀವರಸವೂ ಬಣ್ಣ ತಾಳಿದುದನ್ನು ಕಂಡರು. ಬಣ್ಣಕ್ಕೆ ಕಾರಣವಾದ ಆಲ್ಡಿಹೈಡಿಗೆ ಪ್ಲಾಸ್ಮಲ್ ಎಂದೂ, ಅದನ್ನು ಹುಟ್ಟಿಸುವ ಮೂಲದ್ರವ್ಯಕ್ಕೆ ಪ್ಲಾಸ್ಮಲೋಜನ್ ಎಂದೂ ಹೆಸರಿಟ್ಟರು. ಉತ್ತರಪದವು ನಮ್ಮ 'ಜನಕ' ಶಬ್ದಕ್ಕೆ ದಾಯಾದಿಯಾದುದರಿಂದ ಇದನ್ನು 'ಪ್ಲಾಸ್ಮಲ್‌ಜನಕ'ವೆಂದರೂ ಸಲ್ಲುತ್ತದೆ.

ಇದು ಇಷ್ಟು ಕಾಲ ಮರೆಯಲ್ಲಿದ್ದುದಕ್ಕೆ ಕಾರಣವು ಇದರ ರಚನೆಯಲ್ಲಿಯೇ ಇದೆ. ಸಾಮಾನ್ಯವಾದ ಫಾಸ್ಫೋಲಿಪಿಡ್ಡಿನಲ್ಲಿ ಗ್ಲಿಸರಾಲಿಗೆ ಎರಡು ಕೊಬ್ಬಿನಾಮ್ಲಗಳು ಎಸ್ಟರ್ ಬಂಧದಿಂದ ಸೇರಿರುತ್ತವೆ. ಪ್ಲಾಸ್ಮಲೋಜನಿನಲ್ಲಾದರೋ ಒಂದು ಸರಪಣಿಯು ವೈನಿಲ್ ಈಥರ್ ಎಂಬ ಬಂಧದಿಂದ ಸೇರಿದೆ. ೧೯೫೦ರ ದಶಕದ ಕೊನೆಯ ವೇಳೆಗೆ ಸ್ಥಿರಪಟ್ಟ ಈ ಬಂಧವು ತೆಳುವಾದ ಆಮ್ಲಕ್ಕೂ ಮುರಿಯುವಂಥದು. ಪ್ರಾಣವಾಯುವಿನಿಂದ ಹುಟ್ಟುವ ದಾಹಕಗಳಿಗೂ ಮೊದಲು ಇದೇ ತುತ್ತಾಗುತ್ತದೆ. ತಾನು ಸುಟ್ಟು ನೆರೆಯ ಕೊಬ್ಬುಗಳನ್ನು ಉಳಿಸುವುದೇ ಇದರ ಕೆಲಸಗಳಲ್ಲೊಂದೆಂದು ಅನೇಕರು ಊಹಿಸಿದ್ದಾರೆ. ಮಾನವದೇಹದ ಫಾಸ್ಫೋಲಿಪಿಡ್ಡುಗಳಲ್ಲಿ ಸುಮಾರು ಐದರಲ್ಲೊಂದು ಪಾಲು ಇದೇ ಆಗಿದೆ. ನರತಂತುಗಳನ್ನು ಸುತ್ತಿಕೊಂಡಿರುವ ಮಯಲಿನ್ ಪೊರೆಯಲ್ಲಿ ಇದು ವಿಶೇಷವಾಗಿ ಸೇರಿದೆ. ನರಾಂಗಗಳ ಸ್ನೇಹದ್ರವ್ಯಗಳನ್ನು ಕುರಿತು ಲೋಕದ ವಿದ್ವಾಂಸರು ಆಧಾರವಾಗಿಟ್ಟುಕೊಂಡ ವಿಸ್ತಾರವಾದ ಸಮೀಕ್ಷೆಯೊಂದನ್ನು ೧೯೮೫ರಲ್ಲಿ ಪ್ರಕಟಿಸಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ಎಸ್. ಶಾಸ್ತ್ರಿಗಳೆಂಬುದು ಕನ್ನಡಿಗರು ನೆನೆಯತಕ್ಕ ಸಂಗತಿ.

ಇನ್ನು ವ್ಯಾಧಿಯ ವಿಚಾರ. ಆಲ್ಜೈಮರ್ ಎಂಬ ವೈದ್ಯನು ೧೯೦೬ರಲ್ಲಿ ವರ್ಣಿಸಿದ ರೋಗಿಣಿಗೆ, ೧೯೦೧ರಲ್ಲಿ ಅವನು ಆಕೆಯನ್ನು ಮೊದಲು ಕಂಡಾಗ, ಕೇವಲ ೫೧ ವರ್ಷ. ಅರವತ್ತು ತುಂಬದವಳಿಗೂ ಅರಳುಮರಳು ಬಂದಿತೆಂಬಲ್ಲಿಯೇ ನಮ್ಮ ಗಾದೆಯು ಸಾಲದಾಯಿತು. ಪೆರಾಕ್ಸಿಸೋಮ್ ಎಂಬ ಸೂಕ್ಷ್ಮಾಂಗಗಳಿಲ್ಲದೆ ಹುಟ್ಟುವ ಶಿಶುಗಳ ಅಂಗಗಳಲ್ಲಿ ಪ್ಲಾಸ್ಮಲೋಜನ್ ಬಹುವಾಗಿ ಕೊರೆಯಾಗಿರುವುದು ೧೯೮೩ರಲ್ಲಿ ತಿಳಿದುಬಂದು, ಅದರ ಹುಟ್ಟು ಆ ಸೂಕ್ಷ್ಮಾಂಗಗಳಲ್ಲಿ ಮೊದಲಾಗುವುದೆಂಬ ಮತಕ್ಕೆ ಬಲ ಬಂದಿತು. ಪ್ರಾಯದವರೆಗೆ ಮೆದುಳಿನಲ್ಲಿ ಹೆಚ್ಚುತ್ತ ಹೋಗುವ ಈ ದ್ರವ್ಯವು ಮುಪ್ಪಿನಲ್ಲಿ ಕುಗ್ಗುತ್ತದೆ. ಆದರೆ ಆಲ್ಜೈಮರ್ ವ್ಯಾಧಿಯಿಂದ ಮೃತರಾದವರ ಮೆದುಳಿನಲ್ಲಿ ಇದು ವ್ಯಾಧಿಯಿಲ್ಲದವರಿಗಿಂತ ಕಡಿಮೆಯೆಂದು ೧೯೯೫ರಲ್ಲಿಯೂ, ರೋಗಿಗಳ ರಕ್ತದಲ್ಲಿಯೂ ಕಡಿಮೆಯೆಂದು ೨೦೦೭ರಲ್ಲಿಯೂ ವರದಿಯಾಯಿತು. ಅಂದಮೇಲೆ ವಯಸ್ಸಿನ ಕುಗ್ಗುವಿಕೆಯೇ ಬೇರೆ, ವ್ಯಾಧಿಯ ಕುಗ್ಗುವಿಕೆಯೇ ಬೇರೆ ಎಂದಂತಾಯಿತು.

ಇಲ್ಲಿ ಮೊದಲನೆಯ ಪೂರ್ವಪಕ್ಷ: ನಮ್ಮ ಪ್ರಾಚೀನರು ಮಜ್ಜಾಧಾತುವೆಂದು ಹೇಳಿದುದು ಇದನ್ನೇ ಅಲ್ಲವೆ? ಅಲ್ಲವೆಂದೇ ಉತ್ತರ ಹೇಳಬೇಕಾಗಿದೆ. ಚರಕಸಂಹಿತೆಯ ಶಾರೀರಸ್ಥಾನದಲ್ಲಿ ದೇಹದ್ರವ್ಯಗಳಿಗೆ ಬೊಗಸೆಯ ಲೆಕ್ಕದಲ್ಲಿ ಅಳತೆ ಹೇಳುವಾಗ ಮಜ್ಜೆಗೆ ಒಂದು ಅಂಜಲಿ, ಮಸ್ತಿಷ್ಕಕ್ಕೆ ಅರ್ಧಾಂಜಲಿ ಎಂದು ಬೇರೆಬೇರೆಯಾಗಿ ಎಣಿಸಿದೆ. ಸಂಹಿತಾಕಾರನೇ ಬೇರ್ಪಡಿಸಿದುದನ್ನು ನಾವು ಒಂದುಗೂಡಿಸುವುದು ಶಾಸ್ತ್ರಕ್ಕೆ ಗೌರವವಲ್ಲ. ಮೆದುಳಿನಲ್ಲಿ ಅಳೆಯತಕ್ಕ ದ್ರವ್ಯವೊಂದುಂಟೆಂದು ಬಗೆದು ಅಳತೆಗೆ ತೊಡಗಿದುದೇ ಪ್ರಾಚೀನರ ಹಿರಿಮೆ. ಅವರು ಕಾಣದುದನ್ನು ಕಂಡರೆಂದು ಹೇಳುವುದರಿಂದ ಆ ಹಿರಿಮೆ ಬೆಳೆಯದು. ಅಂತೆಯೇ ಮೇಧ್ಯರಸಾಯನಗಳಲ್ಲಿ ಹೇಳಿರುವ ಮಂಡೂಕಪರ್ಣಿ, ಎಂದರೆ ನಮ್ಮ ಒಂದೆಲಗದ ಗುಣವನ್ನೂ ಇದಕ್ಕೆ ಗಂಟುಹಾಕಲಾಗದು. ಸಸ್ಯಗಳಲ್ಲಿ ಸಾಮಾನ್ಯವಾಗಿ ಪ್ಲಾಸ್ಮಲೋಜನ್ ಇರುವುದಿಲ್ಲ. ಒಂದೆಲಗಕ್ಕೆ ಗುಣವಿದ್ದರೆ ಅದನ್ನು ಬೇರೆ ದಾರಿಯಿಂದ ಸಾಧಿಸಬೇಕು.

ಎರಡನೆಯ ಪೂರ್ವಪಕ್ಷ: ಕೊರೆಯಾದುದನ್ನು ತಿನ್ನಿಸಿದರೆ ನೆನಪು ಮರಳಬಾರದೇಕೆ? ಜಪಾನಿನಲ್ಲಿ ಸಮುದ್ರದ ಚಿಪ್ಪುಜೀವಿಯಿಂದ ತೆಗೆದ ಪ್ಲಾಸ್ಮಲೋಜನನ್ನು ದಿನಕ್ಕೆ ೧ ಮಿಲಿಗ್ರಾಂನಂತೆ ೨೪ ವಾರ ಕೊಟ್ಟು ನೋಡಿದರು. ೩೨೮ ಮಂದಿಯನ್ನು ಸೇರಿಸಿಕೊಂಡ ಆ ಪರೀಕ್ಷೆಯ ಫಲವು ೨೦೧೭ರಲ್ಲಿ ಪ್ರಕಟವಾಯಿತು. ಮದ್ದುಂಡವರಿಗೂ ಹುಸಿಮದ್ದುಂಡವರಿಗೂ ಒಟ್ಟಿನಲ್ಲಿ ಗಣನೀಯವಾದ ಅಂತರ ಕಾಣಲಿಲ್ಲ; ವ್ಯಾಧಿಯು ಸೌಮ್ಯವಾಗಿದ್ದ ಕೆಲವರಲ್ಲಿ ಮಾತ್ರ ನೆನಪು ಕೊಂಚ ಸುಧಾರಿಸಿದಂತೆ ತೋರಿತು. ಕೊರೆಯು ವ್ಯಾಧಿಗೆ ಕಾರಣವೋ ವ್ಯಾಧಿಯ ಕಾರ್ಯವೋ ಎಂಬುದೇ ನಿರ್ಣಯವಾಗದಿರುವಾಗ ಇದನ್ನು ಸಿದ್ಧೌಷಧವೆಂದು ಮಾರುವುದೂ ಕೊಳ್ಳುವುದೂ ಅವಸರದ ಕೆಲಸ. ಹೊಗೆಯನ್ನು ಆರಿಸಿದವನು ಬೆಂಕಿಯನ್ನು ಆರಿಸಿದಂತಾಗುವುದಿಲ್ಲವಷ್ಟೆ.

ಕಾರ್ಯಕಾರಣಗಳ ನಿರ್ಣಯಕ್ಕೆ, ವ್ಯಾಧಿ ಬರುವುದಕ್ಕೆ ಮೊದಲೇ ಜನರನ್ನು ಗುರುತುಮಾಡಿ ಹಲವು ವರ್ಷ ಹಿಂಬಾಲಿಸಿ ನೋಡುವುದೇ ಯೋಗ್ಯವಾದ ಮಾರ್ಗ. ನಮ್ಮ ಸೀಮೆಯಲ್ಲಿ ಇದಕ್ಕೆ ಪೂರ್ವಪೀಠಿಕೆಯಿಲ್ಲದಿಲ್ಲ. ಬೆಂಗಳೂರಿನ ನಗರ ಮತ್ತು ಗ್ರಾಮ ಭಾಗಗಳಲ್ಲಿ ೧,೦೨,೫೫೭ ಜನರನ್ನು ವಿಚಾರಿಸಿ, ಎಂ. ಗೌರಿದೇವಿಯವರೇ ಮೊದಲಾದ ನರವೈದ್ಯರು ೨೦೦೪ರಲ್ಲಿ ಪ್ರಕಟಿಸಿದ ಗಣನೆಯಲ್ಲಿ, ನರರೋಗಗಳು ಪಟ್ಟಣಕ್ಕಿಂತ ಹಳ್ಳಿಗಳಲ್ಲಿ ಸುಮಾರು ಇಮ್ಮಡಿಯಾಗಿ ಕಂಡುವು. ಹೊಸಕೋಟೆಯಿಂದ ಮೂಡಲಿಗೆ ಹೋಗಿ ಕೋಲಾರವನ್ನು ದಾಟಿದರೆ ಶ್ರೀನಿವಾಸಪುರ ತಾಲ್ಲೂಕು ಸಿಕ್ಕುತ್ತದೆ. ಅಲ್ಲಿಯ ಹಳ್ಳಿಗರಲ್ಲಿ ೪೫ ವರ್ಷ ದಾಟಿದ ೧೦,೦೦೦ ಮಂದಿಯ ನೆನಪು, ರಕ್ತ, ಮೆದುಳಿನ ಚಿತ್ರ ಇವುಗಳನ್ನು ದೀರ್ಘಕಾಲ ಪರೀಕ್ಷಿಸುವ ಗುರಿಯಿಂದ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮೆದುಳು ಸಂಶೋಧನ ಕೇಂದ್ರವು ೨೦೧೮ರಲ್ಲಿ ಕಾರ್ಯವನ್ನಾರಂಭಿಸಿತು. ರಾಗಿಯುಣ್ಣುವ ರೈತರ ವೃದ್ಧಾಪ್ಯವು ಪರದೇಶದ ಪಟ್ಟಣಿಗರ ವೃದ್ಧಾಪ್ಯದಂತೆಯೇ ಇರುವುದೋ ಇಲ್ಲವೋ ಎಂಬುದನ್ನು ಇಂಥ ಉದ್ಯಮಗಳೇ ಹೇಳಬೇಕು.

ಅದುವರೆಗೆ ಈ ಚರಿತ್ರೆಯಿಂದ ಸಿದ್ಧವಾಗುವ ಅಂಶ ಇಷ್ಟು: ಮರೆವೆಲ್ಲವೂ ಮುಪ್ಪಲ್ಲ. ಗಾದೆಯನ್ನು ಹೇಳಿ ಸುಮ್ಮನಾಗುವ ಮನೆಯವರು ಹಿರಿಯರನ್ನು ವೈದ್ಯರ ಬಳಿಗೆ ಒಮ್ಮೆ ಕರೆದೊಯ್ಯುವುದು ಯುಕ್ತ. ಮರೆವಿಗೆ ಕಾರಣಗಳು ಹಲವು, ಅವುಗಳಲ್ಲಿ ಗುಣವಾಗತಕ್ಕವೂ ಕೆಲವುಂಟು.